ಖಾತರಿಯ ಚೀಟಿ

ನಮ್ಮ ಮನೆಯ ಟೆಲಿವಿಷನ್ನಿಗೆ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕಣ್ಣು ಹೋಯಿತು. ಬಾಯಿ ಮಾತ್ರ ಭದ್ರವಾಗಿತ್ತು. ಧಾರಾವಾಹಿಯ ಅತ್ತೆ ಸೊಸೆಯರ ಜಗಳ ಯಾವ ಘಟ್ಟ ಮುಟ್ಟಿತ್ತೋ ಅಲ್ಲಿಗೆ ಪರದೆ ಕಪ್ಪಾಯಿತು, ಜಗಳ ನಿಲ್ಲಲಿಲ್ಲ. ನಾನು ಒಳಗಿನಿಂದ ಓಡಿಬಂದು, ಇಂಥ ಯಂತ್ರಗಳಿಗೆ ನಾನು ಬಲ್ಲ ಏಕಮಾತ್ರ ಚಿಕಿತ್ಸೆಯನ್ನು, ಎಂದರೆ ಗುಂಡಿ ಆರಿಸಿ ಮತ್ತೆ ಹಾಕುವುದನ್ನು, ಮೂರು ಸಲ ಮಾಡಿದೆ. ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ, “ಬಿಡೋ, ಜನ ಎಲ್ಲೂ ಹೋಗಿಲ್ಲ, ಒಳಗೇ ಇದ್ದಾರೆ. ದೀಪ ಆರಿದೆ ಅಷ್ಟೆ” ಎಂದಳು. ಆಕೆ ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಆಮೇಲೆ ಆ ಯಂತ್ರವನ್ನು ಪರೀಕ್ಷಿಸಲು ಬಂದವರಲ್ಲಿ ಒಬ್ಬನನ್ನು ಬಿಟ್ಟು ಬೇರೆ ಯಾರೂ ಅಷ್ಟು ಸರಿಯಾದ ಮಾತನ್ನು ಆಡಲಿಲ್ಲ.

ಅದು 2024ನೆಯ ಇಸವಿ ಆಗಸ್ಟ್ 14, ಬುಧವಾರ. ತಾರೀಖನ್ನು ಇಷ್ಟು ಖಚಿತವಾಗಿ ಹೇಳಬಲ್ಲೆನಾದರೆ ಅದು ನನ್ನ ಜ್ಞಾಪಕಶಕ್ತಿಯ ಹಿರಿಮೆಯಲ್ಲ. ಮುಂದೆ ಆ ತಾರೀಖನ್ನು ಎಷ್ಟು ಸಲ ಬರೆಯಬೇಕಾಯಿತೆಂದರೆ, ಈಗ ನನ್ನ ಮದುವೆಯ ದಿನಕ್ಕಿಂತ ಅದೇ ಚೆನ್ನಾಗಿ ನೆನಪಿದೆ.

ಅಮ್ಮನಿಗೆ ಆಗ ಎಂಬತ್ತೊಂದು. ಎರಡು ವರ್ಷ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವಳ ಪ್ರಪಂಚ ಮಂಚಕ್ಕೂ ಕಿಟಕಿಯ ಪಕ್ಕದ ಕುರ್ಚಿಗೂ ನಡುವಣ ಎಂಟು ಹೆಜ್ಜೆಗೆ ಇಳಿದಿತ್ತು. ಆ ಸಂದರ್ಭದಲ್ಲಿಯೇ ಈ ಟೆಲಿವಿಷನ್ ಬಂದದ್ದು. 2022ರ ದೀಪಾವಳಿ, ಬೆಲೆ 31,990 ರೂಪಾಯಿ. ಹಣ ನನ್ನದಲ್ಲ. ಮೇಷ್ಟರಾಗಿದ್ದ ನಮ್ಮ ತಂದೆಯ ಪಿಂಚಣಿಯಲ್ಲಿ ಅಮ್ಮ ತಿಂಗಳು ತಿಂಗಳೂ ಕೂಡಿಟ್ಟದ್ದು. ನಾನು ಕೊಡಿಸುತ್ತೇನೆಂದರೆ ಒಪ್ಪಲಿಲ್ಲ. “ನೋಡೋಳು ನಾನು” ಎಂದಳು. ಅಷ್ಟು ಹಣ ಅವಳು ತನಗಾಗಿಯೇ ಖರ್ಚು ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಂಗಡಿಯಲ್ಲಿ ನಮ್ಮನ್ನು ಎದುರುಗೊಂಡ ಹುಡುಗ, “ನಮಸ್ಕಾರ ಸಾರ್” ಎಂದು ಎದ್ದು ನಿಂತ. ನಮ್ಮ ಕಾಲೇಜಿನವನೇ, ಬಿ.ಎ.ಯಲ್ಲಿ ಮೂರು ವರ್ಷ ನನ್ನ ಕೈಕೆಳಗೆ ಐಚ್ಛಿಕ ಕನ್ನಡ ಓದಿದವನು. ಓದಿದವನು ಎನ್ನುವುದಕ್ಕಿಂತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನು ಎನ್ನುವುದು ವಾಸಿ. ಆದರೆ ಆ ದಿನ ಅವನ ವಾಗ್ವೈಖರಿಯನ್ನು ನೋಡಿ, ನಾನು ಪಾಠ ಹೇಳಿದ ಉತ್ಪ್ರೇಕ್ಷೆ ಅತಿಶಯೋಕ್ತಿಗಳು ವ್ಯರ್ಥವಾಗಲಿಲ್ಲವೆಂದು ನನ್ನೆದೆ ಉಬ್ಬಿತು. ಕಂಪನಿಯವರ ಖಾತರಿ ಒಂದೇ ವರ್ಷ. ಇನ್ನು 2,499 ರೂಪಾಯಿ ಕೊಟ್ಟರೆ ಅಂಗಡಿಯವರೇ ಮತ್ತೆರಡು ವರ್ಷ ಹೊಣೆ ಹೊರುತ್ತಾರೆ. “ಏನೇ ಆಗಲಿ ಸಾರ್, ನಾವೇ ಮನೆಗೆ ಬಂದು ಸರಿಮಾಡಿಕೊಡ್ತೀವಿ” ಎಂದ. ಶಿಷ್ಯನ ಮಾತು, ಕೊಟ್ಟೆ. ಅವನು ಒಂದು ಸಣ್ಣ ಯಂತ್ರದಿಂದ ಸರಕ್ಕನೆ ಒಂದು ಚೀಟಿ ಹರಿದುಕೊಟ್ಟ. ನಾನು ಅದನ್ನು ಮನೆಗೆ ತಂದು, ಹಾಳಾಗದಿರಲೆಂದು ಒಂದು ಪ್ಲಾಸ್ಟಿಕ್ ಲಕೋಟೆಯೊಳಗೆ ಸೇರಿಸಿ ಬೀರುವಿನಲ್ಲಿಟ್ಟೆ.

ಟೆಲಿವಿಷನ್ ಕುರುಡಾದ ರಾತ್ರಿ ಬೀರು ತೆಗೆದು ಲಕೋಟೆಯಿಂದ ಚೀಟಿಯನ್ನು ಎಳೆದೆ. ಅದು ಬಿಳಿಯ ಕಾಗದ. ಒಂದಕ್ಷರವೂ ಇಲ್ಲ. ತಿರುಗಿಸಿದೆ, ಆ ಕಡೆಯೂ ಇಲ್ಲ.

ಇಂಥ ಚೀಟಿಗಳಲ್ಲಿ ಶಾಯಿ ಇರುವುದಿಲ್ಲವೆಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಕಾಗದದ ಮೇಲೆ ಸವರಿರುವ ಲೇಪ ಕಾವು ತಾಕಿದ ಕಡೆ ಕಪ್ಪಾಗುತ್ತದೆ. ಆ ಕಪ್ಪೇ ಅಕ್ಷರ. ಬಿಸಿಲು, ಸೆಕೆ ತಗಲಿದರೆ ಅದು ಮಾಯುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೃದುವಾಗಿಸಲು ಬೆರೆಸುವ ದ್ರವ್ಯಗಳಂತೂ ಅದನ್ನು ಬೇಗನೆ ನುಂಗಿಬಿಡುತ್ತವೆ. ಹಾಳಾಗದಿರಲೆಂದು ನಾನು ಯಾವುದರೊಳಗೆ ಇಟ್ಟೆನೋ ಅದೇ ಅದನ್ನು ತಿಂದುಹಾಕಿತ್ತು.

ನನ್ನ ಕಸುಬಿನವನಿಗೆ ಇದಕ್ಕಿಂತ ಅವಮಾನ ಬೇರೆಯಿಲ್ಲ. ಎಂ.ಎ. ತರಗತಿಯಲ್ಲಿ ನಾನು ಶಾಸನಗಳನ್ನು ಓದಿದವನು, ಈಗ ಓದಿಸುವವನು. ಹಲ್ಮಿಡಿಯ ಕಲ್ಲು ನಮ್ಮ ಈ ಹಾಸನ ಜಿಲ್ಲೆಯದೇ. ಕ್ರಿ.ಶ. 5ನೆಯ ಶತಮಾನದಲ್ಲಿ ಕೆತ್ತಿದ ಅಕ್ಷರವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಒಂದೂವರೆ ಸಾವಿರ ವರ್ಷದ ಗಾಳಿ ಮಳೆಗೆ ಅಳಿಯದ ಮಾತು ಅದು. ಇಪ್ಪತ್ತೆರಡು ತಿಂಗಳ ಹಿಂದಿನ ರಸೀದಿಯನ್ನು ನಾನು ದೀಪಕ್ಕೆ ಹಿಡಿದು, ಓರೆಯಾಗಿ ಹಿಡಿದು, ಭೂತಗನ್ನಡಿಯಿಟ್ಟು ನೋಡಿದೆ. ಮೂಲೆಯಲ್ಲಿ ‘ಧನ್ಯವಾದ’ ಎಂಬುದರ ಒಂದು ಒತ್ತಕ್ಷರ ಇದ್ದಂತೆ ಕಂಡಿತು. ಅದೂ ನನ್ನ ಊಹೆಯಿರಬಹುದು.

ಆ ಚೀಟಿಯ ಜೊತೆಗೆ ಅಚ್ಚಾದ ಒಂದು ಮಡಿಕೆಪತ್ರವಿತ್ತು. ಅದರ ಅಕ್ಷರ ಅಳಿದಿರಲಿಲ್ಲ. ಅಳಿಯಬೇಕಾದದ್ದು ಅದು. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇಪ್ಪತ್ತಮೂರು ನಿಬಂಧನೆಗಳು. ಅವನ್ನು ಓದುತ್ತ ನನಗೆ ದಾನಶಾಸನಗಳ ಕೊನೆಯ ಭಾಗ ನೆನಪಾಯಿತು. ಕೊಟ್ಟವರು ಯಾರು, ಪಡೆದವರು ಯಾರು, ಎಲ್ಲೆ ಎಲ್ಲಿಂದ ಎಲ್ಲಿಗೆ, ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಶಾಸನಕಾರರು ಶಾಪಾಶಯವನ್ನು ಕೆತ್ತಿಸುತ್ತಿದ್ದರು: ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನು, ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು ಎಂಬ ಧಾಟಿಯಲ್ಲಿ. ಕೊಟ್ಟ ಮಾತನ್ನು ಕೊಟ್ಟವನೋ ಅವನ ವಂಶದವನೋ ಮುರಿಯದಿರಲೆಂದು ಆ ಬೆದರಿಕೆ. ನನ್ನ ಕೈಯಲ್ಲಿದ್ದ ಶಾಸನದಲ್ಲಿಯೂ ಶಾಪಗಳಿದ್ದವು. ಆದರೆ ಎಲ್ಲವೂ ದಾನ ಪಡೆದವನ ಮೇಲೆಯೇ. ಹಿಂದಿನ ಮುಚ್ಚಳದ ಮುದ್ರೆಯನ್ನು ಒಡೆದವನಿಗೆ ಖಾತರಿಯಿಲ್ಲ. ಮೂಲ ರಸೀದಿ ತೋರಿಸಲಾರದವನಿಗೆ ಖಾತರಿಯಿಲ್ಲ. ವಿದ್ಯುತ್ತಿನ ಏರಿಳಿತಕ್ಕೆ ಸಿಕ್ಕಿದವನಿಗೆ ಇಲ್ಲ. ನಮ್ಮ ಊರಿನಲ್ಲಿ ಅದಕ್ಕೆ ಸಿಕ್ಕದವನು ಯಾರು? ಕೊನೆಗೆ, ಪ್ಯಾನೆಲ್ ಕೆಟ್ಟವನಿಗೂ ಇಲ್ಲ.

ಮಾರನೆಯ ವಾರ ಅಂಗಡಿಗೆ ಹೋದೆ. ಶಿಷ್ಯ ಎದ್ದು ನಿಂತ. ಮುಖ ಸ್ವಲ್ಪ ಬಾಡಿತು. ಬೇರೊಬ್ಬ ಮೇಲ್ವಿಚಾರಕರು ಬಂದು, ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಎಂದರು. ಸರ್ವಿಸ್ ಸೆಂಟರಿನವರು, ಒಂದು ವರ್ಷ ಕಳೆದಿದೆ, ಅಂಗಡಿಯವರನ್ನೇ ಕೇಳಿ ಎಂದರು. ಅಂಗಡಿಯವರ ಕೇಂದ್ರಕ್ಕೆ ಫೋನ್ ಮಾಡಿದರೆ ಒಂದು ಸಂಗೀತ ಬಂತು. ಆ ಸಂಗೀತವನ್ನು ನಾನು ಆ ವಾರದಲ್ಲಿ ಎಷ್ಟು ಹೊತ್ತು ಕೇಳಿದೆನೆಂದರೆ ಈಗ ಅದನ್ನು ಸ್ವರ ಹಾಕಿ ಹಾಡಬಲ್ಲೆ. ಹತ್ತು ದಿನ ಕಳೆದ ಮೇಲೆ ಒಬ್ಬ ತಂತ್ರಜ್ಞ ಬಂದ. ಚೀಲವನ್ನೇ ಬಿಚ್ಚಲಿಲ್ಲ. ಗುಂಡಿ ಒತ್ತಿ, ಕಪ್ಪು ಪರದೆಯ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡು, ‘ಪ್ಯಾನೆಲ್ ದೋಷ’ ಎಂದು ಬರೆದು ಹೊರಟುಹೋದ. ಐದು ನಿಮಿಷ. ಹೊಸ ಪ್ಯಾನೆಲ್ಲಿಗೆ ಹತ್ತೊಂಬತ್ತು ಸಾವಿರವಾಗುತ್ತದೆ, ಅದರ ಬದಲು ಹೊಸ ಟೆಲಿವಿಷನ್ನನ್ನೇ ಕೊಳ್ಳಬಹುದಲ್ಲಾ ಎಂದು ಅಂಗಡಿಯವರು ಸಂದೇಶ ಕಳಿಸಿದರು.

ನಾನು ಅಂಗಡಿಗೆ ಹೋಗಿ ಕೂಗಾಡಿದೆ. ಕೂಗಾಡಿದ್ದು ಯಾರ ಮೇಲೆ? ಎದುರಿಗೆ ಇದ್ದವನು ಅವನೊಬ್ಬನೇ. ಎಂಟು ಹತ್ತು ಜನ ಗಿರಾಕಿಗಳ ಮುಂದೆ, “ಇದೇ ಏನಯ್ಯಾ ನೀನು ನನ್ನಲ್ಲಿ ಕಲಿತದ್ದು?” ಎಂದೆ. ಅವನು ತಲೆ ತಗ್ಗಿಸಿ, “ನನ್ನ ಕೈಲಿಲ್ಲ ಸಾರ್” ಎಂದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಗೆದ್ದವನ ಹಾಗೆ ನಡೆದೆ. ರಾತ್ರಿ ಊಟಕ್ಕೆ ಕುಳಿತಾಗ ಅನ್ನ ಸೇರಲಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಮುದುಕರು ಇದ್ದಾರೆ. ವಾಲ್ವಿನ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವರು. ಗಣಪತಿ ಹಬ್ಬದ ಮಾರನೆಯ ದಿನ, ಬೇರೇನೂ ತೋಚದೆ, ಅವರನ್ನು ಕರೆದುಕೊಂಡು ಬಂದೆ. ಮುದ್ರೆ ಮುಟ್ಟಬಾರದೆಂದು ಮೊದಲೇ ಬೇಡಿಕೊಂಡಿದ್ದೆ. “ಮುಟ್ಟೋದೇನೂ ಬೇಡ, ಕಿಟಕಿ ಹಾಕಿ, ಒಂದು ಟಾರ್ಚ್ ಕೊಡಿ” ಎಂದರು. ಕೋಣೆಯನ್ನು ಕತ್ತಲು ಮಾಡಿ, ಟೆಲಿವಿಷನ್ ಹಾಕಿ, ಕಪ್ಪು ಗಾಜಿಗೆ ಟಾರ್ಚನ್ನು ಓರೆಯಾಗಿ ಹಿಡಿದರು. ಬೆಳಕು ಬಿದ್ದ ಅಂಗೈಯಗಲದ ಜಾಗದಲ್ಲಿ, ಕೆರೆಯ ತಳದಲ್ಲಿ ಕಂಡ ಹಾಗೆ, ಒಂದು ಮುಖ ಮಸುಕಾಗಿ ಕಾಣಿಸಿತು. ಅದರ ತುಟಿ ಅಲ್ಲಾಡುತ್ತಿತ್ತು. ಟಾರ್ಚನ್ನು ಸರಿಸಿದರೆ ಒಂದು ಕೈ, ಒಂದು ಬಾಗಿಲು.

“ನಾನು ಹೇಳಲಿಲ್ಲವೇ, ಒಳಗೇ ಇದ್ದಾರೆ ಅಂತ” ಎಂದಳು ಅಮ್ಮ.

ಮುದುಕರು ವಿವರಿಸಿದರು. ಈ ಪರದೆ ತಾನಾಗಿ ಬೆಳಗುವುದಿಲ್ಲ. ತೊಗಲುಗೊಂಬೆಯಾಟದಲ್ಲಿ ಬಟ್ಟೆಯ ಹಿಂದೆ ದೀಪವಿಡುವ ಹಾಗೆ ಇದರ ಹಿಂದೆ ಪುಟ್ಟ ಎಲ್‌ಇಡಿ ದೀಪಗಳ ಪಟ್ಟಿಗಳಿರುತ್ತವೆ. ಮುಂದಿನ ಪ್ಯಾನೆಲ್ ಆ ಬೆಳಕನ್ನು ಅಲ್ಲಲ್ಲಿ ತಡೆದು, ಅಲ್ಲಲ್ಲಿ ಬಿಟ್ಟು ಚಿತ್ರ ಮಾಡುತ್ತದೆ. ದೀಪಗಳೆಲ್ಲ ಒಂದೇ ಸರದಲ್ಲಿ ಪೋಣಿಸಿದವು. ಗಣಪತಿ ಚಪ್ಪರದ ಸೀರಿಯಲ್ ಬಲ್ಬಿನ ಹಾಗೆ, ಒಂದು ಸುಟ್ಟರೆ ಸಾಲೆಲ್ಲ ಕತ್ತಲೆ. ಪ್ಯಾನೆಲ್ ಕೆಟ್ಟಿದ್ದರೆ ಟಾರ್ಚಿಗೆ ಮುಖ ಕಾಣುತ್ತಿರಲಿಲ್ಲ. “ಎರಡೂವರೆ ಸಾವಿರ ಕೊಡಿ, ನಾಳೆ ಮಧ್ಯಾಹ್ನದೊಳಗೆ ಪಟ್ಟಿ ಬದಲಾಯಿಸಿಕೊಡ್ತೀನಿ. ಮುದ್ರೆ ಮಾತ್ರ ಒಡೀಬೇಕು.”

ಇಲ್ಲಿ ನಾನು ನನ್ನ ವಿಷಯದಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಎರಡೂವರೆ ಸಾವಿರಕ್ಕೆ ನಾನು ಬಡವನಾಗಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೇಡವೆಂದೆ. 2,499 ರೂಪಾಯಿ ತೆಗೆದುಕೊಂಡು ಮಾತು ಕೊಟ್ಟವರು ಅವರು, ಅವರೇ ಮಾಡಬೇಕು, ಇದು ನ್ಯಾಯದ ಪ್ರಶ್ನೆ ಎಂದೆ. ಮುದುಕರು ಹೋದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು: “ನ್ಯಾಯ ನಿನ್ನದು, ಸಂಜೆ ನನ್ನದು ಅಲ್ಲವೇನೋ?” ನಾನು ಉತ್ತರ ಕೊಡಲಿಲ್ಲ. ಈಗಲೂ ನನ್ನಲ್ಲಿ ಉತ್ತರವಿಲ್ಲ. ಅವಳು ಮತ್ತೆ ಅದನ್ನು ಕೇಳಲೂ ಇಲ್ಲ. ಪ್ರತಿದಿನ ಸಂಜೆ ಆರಕ್ಕೆ ಕಪ್ಪು ಪರದೆಯ ಮುಂದೆ ಕುಳಿತು, ಕಣ್ಣು ಮುಚ್ಚಿಕೊಂಡು, ಕೇಳುತ್ತಿದ್ದಳು.

ಎರಡು ದಿನದ ಮೇಲೆ ಕತ್ತಲಾಗುವ ಹೊತ್ತಿಗೆ ನಮ್ಮ ಗೇಟಿನ ಹತ್ತಿರ ಆ ಹುಡುಗ ನಿಂತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ನನ್ನ ಕೈಗಿಟ್ಟ. ಅಳಿದುಹೋದ ಚೀಟಿಯ ಇನ್ನೊಂದು ಪ್ರತಿ. ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಮೊಬೈಲ್ ಸಂಖ್ಯೆ ಕೊಟ್ಟು ಹುಡುಕಿ, ಒಳ್ಳೆಯ ಕಾಗದದ ಮೇಲೆ ತೆಗೆದದ್ದು. “ಪ್ಯಾನೆಲ್ ಅಂತ ಬರೆದರೆ ಅವರು ಕೊಡಬೇಕಾಗಿಲ್ಲ ಸಾರ್. ಅದಕ್ಕೇ ಹಾಗೆ ಬರೀತಾರೆ. ಬ್ಯಾಕ್‌ಲೈಟ್ ಬೇರೆ. ಯಾವ ಕಾರಣಕ್ಕೆ ಕೊಡೋದಿಲ್ಲ ಅನ್ನೋದನ್ನ ಬರವಣಿಗೇಲಿ ಕೇಳಿ” ಎಂದ. ಸ್ವಲ್ಪ ತಡೆದು, “ನನ್ನ ಹೆಸರು ಬರೀಬೇಡಿ ಸಾರ್” ಎಂದ. ಇಂಥ ಚೀಟಿ ತಿಂಗಳಿಗೆ ಇಷ್ಟು ಮಾರಲೇಬೇಕೆಂದು ಅವನಿಗೆ ಲೆಕ್ಕ ಹಾಕಿಕೊಟ್ಟಿದ್ದರು. ಮಾರದಿದ್ದರೆ ಕೆಲಸಕ್ಕೆ ಸಂಚಕಾರ. ಮನೆಯಲ್ಲಿ ತಂಗಿ ನರ್ಸಿಂಗ್ ಓದುತ್ತಿದ್ದಳು.

ನನ್ನ ಮೇಜಿನ ಮೇಲೆ ಆಗಲೇ ಒಂದು ಕಾಗದ ಸಿದ್ಧವಾಗಿತ್ತು. ನಾಲ್ಕು ಪುಟ. ‘ಏನೇ ಆಗಲಿ ಸರಿಮಾಡಿಕೊಡುತ್ತೇವೆ’ ಎಂಬ ಮಾತನ್ನು ನಿಮ್ಮ ಇಂಥ ಹೆಸರಿನ ನೌಕರ ಇಂಥ ದಿನ ಆಡಿದ್ದಾನೆ ಎಂಬುದೇ ಅದರ ತಿರುಳು. ಆ ಮಾತಿಗೆ ಬೇರೆ ಸಾಕ್ಷಿಯಿಲ್ಲ. ಅಂದು ರಾತ್ರಿ ಆ ಭಾಗವನ್ನು ಹೊಡೆದುಹಾಕಿದೆ. ಹೊಡೆದುಹಾಕಿದ ಮೇಲೆ ಉಳಿದದ್ದು ಬರೀ ಅಲಂಕಾರವೆಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. “ಇದು ಹಳಗನ್ನಡದ ಟೀಕೆಯ ಹಾಗಿದೆ. ಪ್ರಬಂಧ ಬೇಡ, ತಾರೀಖು ಹಾಕಿ” ಎಂದು ಪೆನ್ನು ಕಿತ್ತುಕೊಂಡಳು. ನಾಲ್ಕು ಪುಟ ಒಂದಾಯಿತು. ಕೊಂಡ ದಿನ, ಕೊಟ್ಟ ಹಣ, ಕೆಟ್ಟ ದಿನ, ಬಂದು ನೋಡಿದ ದಿನ. ಟಾರ್ಚಿನ ಬೆಳಕಿನಲ್ಲಿ ಮುಖ ಕಾಣುವ ಚಿತ್ರ. ಪ್ಯಾನೆಲ್ ಸರಿಯಿದೆ, ಹಿಂಬೆಳಕಿನ ಪಟ್ಟಿ ಕೆಟ್ಟಿದೆ. ಹದಿನೈದು ದಿನದೊಳಗೆ ಸರಿಮಾಡಿ, ಇಲ್ಲವೇ ಆಗದೆಂಬುದಕ್ಕೆ ಕಾರಣ ಬರೆದು ಕಳಿಸಿ.

ಈ ಮಧ್ಯೆ ನಾನು 1915ಕ್ಕೂ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲಿಯೇ ಮಾತಾಡಿದರು; ಆ ಎರಡು ತಿಂಗಳಲ್ಲಿ ಫೋನಿನ ಆಚೆಯಿಂದ ಕನ್ನಡ ಕೇಳಿದ್ದು ಅದೇ ಮೊದಲು. ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ, ದೂರನ್ನು ವ್ಯಾಪಾರಿಗೆ ಮುಟ್ಟಿಸುತ್ತಾರೆ, ಅಷ್ಟೆ. ಅಧಿಕಾರವಿರುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ವಕೀಲ ಮಿತ್ರರೊಬ್ಬರು ಕಾಫಿ ಕುಡಿಯುತ್ತ ಹೇಳಿದ್ದನ್ನು ಇಲ್ಲಿ ಬರೆದರೆ ಯಾರಿಗಾದರೂ ಉಪಯೋಗವಾದೀತು. 1986ರ ಕಾನೂನಿನ ಬದಲು 2019ರಲ್ಲಿ ಹೊಸದು ಬಂದು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಹಿಂದೆ ವ್ಯಾಪಾರಿ ಇರುವ ಕಡೆಗೋ ತಕರಾರು ಹುಟ್ಟಿದ ಕಡೆಗೋ ಹೋಗಿ ದಾವೆ ಹೂಡಬೇಕಿತ್ತು. ಈಗ ಕೊಂಡವನು ವಾಸವಾಗಿರುವ ಜಿಲ್ಲೆಯಲ್ಲಿಯೇ ಹೂಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ, “ನನ್ನ ಬಾಯಿಂದ ಇದನ್ನು ಹೇಳಿಸಬೇಡಿ” ಎಂದು ಅವರು ನಕ್ಕರು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೂಡಬೇಕು. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಅಂಗಡಿಯಲ್ಲಿ ತೂಗುಹಾಕಿರುತ್ತಾರಲ್ಲ, ಆ ಫಲಕಕ್ಕೆ ನಾನು ನಲವತ್ತು ವರ್ಷ ಹೆದರಿಕೊಂಡೇ ಬಂದಿದ್ದೆ. ದೋಷವಿರುವ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ ಮೂವತ್ತು ದಿನದೊಳಗೆ, ವಾಪಸು ಪಡೆಯದಿರುವುದು ಆ ಕಾನೂನಿನಲ್ಲಿ ಅನುಚಿತ ವ್ಯಾಪಾರವೆಂದೇ ಇದೆಯಂತೆ.

ಕಾಗದವನ್ನು ಅಕ್ಟೋಬರ್ 9ರಂದು ರಿಜಿಸ್ಟರ್ ಮಾಡಿದೆ. ರಿಜಿಸ್ಟರ್ಡ್ ಅಂಚೆ ಆಗಿನ್ನೂ ಇತ್ತು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ತಿದ್ದಿದ ಕಾಗದವನ್ನು ಅಷ್ಟು ದಿನ ಏಕೆ ಇಟ್ಟುಕೊಂಡೆನೆಂದರೆ, ಪರೀಕ್ಷೆಯ ಮೌಲ್ಯಮಾಪನವಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ಅರ್ಧ ನಿಜ. ಉಳಿದರ್ಧ, ಹುಡುಗನ ಹೆಸರಿಲ್ಲದಿದ್ದರೂ ಅವನನ್ನು ಗುರುತಿಸುತ್ತಾರೇನೋ ಎಂಬ ಅಳುಕು.

ಹದಿಮೂರನೆಯ ದಿನ ಬೇರೆ ಊರಿನ ಕಚೇರಿಯಿಂದ ಫೋನ್ ಬಂತು. ಮೊದಲು ಹಿಂದಿ, ಆಮೇಲೆ ಇಂಗ್ಲಿಷು, ಕೊನೆಗೆ ಒಬ್ಬ ಹೆಣ್ಣುಮಗಳ ಕನ್ನಡ. “ತಪ್ಪು ತಿಳಿವಳಿಕೆಯಿಂದ ಹಾಗಾಗಿದೆ” ಎಂದರು. ಯಾರ ತಿಳಿವಳಿಕೆ ಎಂದು ಹೇಳಲಿಲ್ಲ. ಅಕ್ಟೋಬರ್ 25ಕ್ಕೆ, ಎಂದರೆ ಕತ್ತಲಾದ ಎಪ್ಪತ್ತೆರಡನೆಯ ದಿನ, ಹಳೆಯ ತಂತ್ರಜ್ಞನೇ ಹೊಸ ಪಟ್ಟಿಗಳನ್ನು ಹೊತ್ತುಕೊಂಡು ಬಂದ. ಈ ಸಲ ಚೀಲ ಬಿಚ್ಚಿದ. ಪರದೆಯನ್ನು ಅಮ್ಮನ ಮಂಚದ ಮೇಲೆ ದುಪ್ಪಟಿ ಹಾಸಿ, ನವಜಾತ ಶಿಶುವನ್ನು ಮಲಗಿಸುವಂತೆ ಮಲಗಿಸಿದ. ಒಳ್ಳೆಯ ಕೈ, ಆ ದಿನ ಐದು ನಿಮಿಷದಲ್ಲಿ ಹೊರಟುಹೋದವನು ಇವನೇ ಎಂದರೆ ನಂಬುವುದು ಕಷ್ಟವಾಗಿತ್ತು. ತೆಗೆದ ಪಟ್ಟಿಯಲ್ಲಿ ಒಂದು ದೀಪದ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಯಿತ್ತು. ಉಳಿದವೆಲ್ಲ ನೆಟ್ಟಗಿದ್ದವು. ಬೆಳಕಿನ ಮಟ್ಟವನ್ನು ಸ್ವಲ್ಪ ಇಳಿಸಿಟ್ಟರೆ ದೀಪಗಳಿಗೆ ಆಯುಸ್ಸು ಹೆಚ್ಚು ಎಂದು ಹೇಳಿ, ಅಮ್ಮ ಕೊಟ್ಟ ಕಾಫಿ ಕುಡಿದು, ಹೋದ. ಒಂದು ಗಂಟೆಯೂ ಹಿಡಿದಿರಲಿಲ್ಲ.

ಆ ಎಪ್ಪತ್ತೆರಡು ದಿನಕ್ಕೆ ಪರಿಹಾರ ಕೇಳಿ ಆಯೋಗಕ್ಕೆ ಹೋಗಿ ಎಂದು ವಕೀಲ ಮಿತ್ರರು ಒತ್ತಾಯಿಸಿದರು. ನಾನು ಹೋಗಲಿಲ್ಲ. ಕೇಳಬೇಕಾದದ್ದು ಅವರನ್ನೋ, ಕೊಡಬೇಕಾದದ್ದು ನಾನೋ, ನನಗೆ ಸ್ಪಷ್ಟವಿರಲಿಲ್ಲ. ಹುಡುಗನನ್ನು ನೋಡಿಕೊಂಡು ಬರೋಣವೆಂದು ದೀಪಾವಳಿಯ ಮುನ್ನಾದಿನ ಅಂಗಡಿಗೆ ಹೋದೆ. ಅವನು ಅಲ್ಲಿರಲಿಲ್ಲ. ಬೇರೆ ಶಾಖೆಗೆ ಹಾಕಿದ್ದಾರೆ ಎಂದ ಒಬ್ಬ. ಬಿಟ್ಟುಹೋದ ಎಂದ ಇನ್ನೊಬ್ಬ. ಅವನು ಕೊಟ್ಟ ಸಂಖ್ಯೆಗೆ ಫೋನ್ ಮಾಡಿದೆ; ಎತ್ತಲಿಲ್ಲ. ಆಮೇಲೆ ಯುಗಾದಿಗೆ ಅವನಿಂದ ಒಂದು ಶುಭಾಶಯ ಬಂತು, ಬೆಂಗಳೂರಿನಿಂದ. ಕಾಗುಣಿತ ತಪ್ಪಿರಲಿಲ್ಲ.

ಪರದೆಗೆ ಬೆಳಕು ಬಂದ ಸಂಜೆಯ ವಿಷಯ ಹೇಳುವುದನ್ನು ಮರೆತೆ. ಅಮ್ಮನ ಕುರ್ಚಿಯನ್ನು ಎಳೆದು ಎದುರಿಗೆ ಹಾಕಿದೆ. ಆರು ಗಂಟೆಗೆ ಧಾರಾವಾಹಿ ಪ್ರಾರಂಭವಾಯಿತು. ಈ ಎರಡು ತಿಂಗಳಲ್ಲಿ ಆ ಮನೆಗೆ ಒಬ್ಬಳು ಹೊಸ ಸೊಸೆ ಬಂದಿದ್ದಳಂತೆ. ಅಮ್ಮ ಅವಳ ದನಿಯನ್ನು ಮಾತ್ರ ಬಲ್ಲಳು. ಹುಡುಗಿ ಬಾಗಿಲಿನಿಂದ ಒಳಗೆ ಬಂದು ಮಾತಾಡಿದೊಡನೆ ಅಮ್ಮ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು.

“ಇವಳೇ ಏನೋ ಅವಳು?”

“ಹೌದಮ್ಮ, ಇವಳೇ.”

“ಅಲ್ಲ ಕಣೋ” ಎಂದಳು ಅಮ್ಮ. “ನನ್ನವಳು ಇನ್ನೂ ಸ್ವಲ್ಪ ಎತ್ತರ ಇದ್ದಳು.” ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಕುರ್ಚಿಗೆ ಒರಗಿದಳು.